ತಂಬಿಗೆ ಹಿಡಿದು ಕಾದವರಿಗೆ

ಬೆಳವಣಿಗೆಯ ತೊಂದರೆ ಇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ ನಡೆಯುವ ತರಬೇತಿಯಲ್ಲಿ, ಮೊನ್ನೆ ಶನಿವಾರ ನಮ್ಮ ಗುಂಪಿನ ಒಂಬತ್ತನೇ ತರಗತಿ ಮುಗಿಯಿತು. ಅದೇ ಕೊನೆಯದು. ಎದ್ದು ನಿಂತು ನಾಲ್ಕು ಮಾತು ಹೇಳಬೇಕು ಅಂದುಕೊಂಡು ಹೋಗಿದ್ದೆ. ಗಂಟಲು ಕಟ್ಟಿತು, ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಪುಟ್ಟಿಗೆ ಈಗ ಐದು ವರ್ಷ. ಆಟಿಸಂ, ಅಂದರೆ ಬೇರೆಯವರ ಜೊತೆ ಬೆರೆಯುವುದು, ಮಾತುಕತೆ ಕಷ್ಟವಾಗುವ ಬೆಳವಣಿಗೆಯ ತೊಂದರೆ, ಅಂತ ಗೊತ್ತಾದಾಗ ಮೂರು ತುಂಬಿತ್ತು. ಮೊದಲು ಗಮನಿಸಿದ್ದು ನಮ್ಮ ಅಂಗನವಾಡಿ ಟೀಚರ್. "ಕರೆದರೆ ತಿರುಗಿ ನೋಡಲ್ಲ, ಬೇಕಾದ್ದನ್ನ ಬೆರಳು ಮಾಡಿ ತೋರಿಸಲ್ಲ. ಸುಮ್ನೆ ಬಿಡಬೇಡಿ ಕಣಮ್ಮ" ಅಂದರು. ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಮಕ್ಕಳನ್ನು ನೋಡಲು ಬರುವ ಆರೋಗ್ಯ ತಂಡಕ್ಕೆ ತೋರಿಸಿದವರೂ ಅವರೇ. ಅಲ್ಲಿಂದ ಜಿಲ್ಲಾಸ್ಪತ್ರೆ, ಆಮೇಲೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಮನೆಯವರೆಲ್ಲ "ಕೆಲವು ಮಕ್ಕಳಿಗೆ ಮಾತು ತಡ" ಅನ್ನುತ್ತಿದ್ದ ಕಾಲ ಅದು. ನಾನೂ ಹಾಗೇ ನಂಬಿಕೊಂಡಿದ್ದೆ. ಟೀಚರ್, ಮೊದಲ ನಮಸ್ಕಾರ ನಿಮಗೆ.

ಆಮೇಲೆ ಒಂದು ವರ್ಷ ಒಂದು ಥೆರಪಿ ಸೆಂಟರ್‌ಗೆ ಅಲೆದೆವು. ವಾರಕ್ಕೆ ಎರಡು ದಿನ, 45 ನಿಮಿಷ. ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಿದ್ದರು. ನಾನು ಹೊರಗೆ ಬೆಂಚಿನ ಮೇಲೆ ಕೂತು ಅವಳ ಅಳು ಕೇಳುತ್ತಿದ್ದೆ. ಏನು ಮಾಡಿಸಿದಿರಿ ಅಂದರೆ "ನಿಮಗೆ ಅರ್ಥ ಆಗಲ್ಲ ಬಿಡಿ" ಅಂದರು. ವಾರಕ್ಕೆ 168 ಗಂಟೆ. ಅದರಲ್ಲಿ ಒಂದೂವರೆ ಗಂಟೆ ಅವರ ಹತ್ತಿರ, ಮಿಕ್ಕಿದ್ದೆಲ್ಲ ನಮ್ಮ ಹತ್ತಿರ, ಅಲ್ವಾ? ಆ ಮಿಕ್ಕ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ.

ಅದನ್ನು ಹೇಳಿಕೊಟ್ಟಿದ್ದು ಈ ಗುಂಪು. ಬೆಳವಣಿಗೆಯಲ್ಲಿ ತಡ ಅಥವಾ ತೊಂದರೆ ಇರುವ 2ರಿಂದ 9 ವರ್ಷದ ಮಕ್ಕಳ ಅಪ್ಪ ಅಮ್ಮಂದಿರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ ತರಬೇತಿ ಇದು. ಒಂಬತ್ತು ತರಗತಿ, ಜೊತೆಗೆ ಮೂರು ಸಲ ಮನೆಗೇ ಬಂದು ನೋಡುತ್ತಾರೆ. ಹೇಳಿಕೊಡಲು ಡಾಕ್ಟರೇ ಆಗಬೇಕಿಲ್ಲ, ತರಬೇತಿ ಪಡೆದವರು ಸಾಕು. ನಮಗೆ ಹೇಳಿಕೊಟ್ಟ ಅಕ್ಕನ ಮಗನಿಗೂ ಆಟಿಸಂ ಇದೆ, ಈಗ ಅವನಿಗೆ ಹತ್ತೊಂಬತ್ತು. ಅವರ ಮುಂದೆ ನಾನು ಏನನ್ನೂ ಮುಚ್ಚಿಡಬೇಕಾಗಲಿಲ್ಲ.

ಎರಡನೇ ಸಲ ಅಕ್ಕ ಮನೆಗೆ ಬಂದ ದಿನವನ್ನು ನಾನು ಮರೆಯುವ ಹಾಗಿಲ್ಲ. ಪುಟ್ಟಿಗೆ ಸ್ನಾನ ಮಾಡಿಸುವುದು ನಮ್ಮ ಅತ್ತೆ. ಅವತ್ತೂ ಅವರೇ ಮಾಡಿಸುತ್ತಿದ್ದರು. ಅತ್ತೆಗೆ ಮೊಮ್ಮಗಳೆಂದರೆ ಜೀವ. "ಬಾ ನನ್ ಬಂಗಾರ, ಕೈ ಎತ್ತು, ಕಣ್ಣು ಮುಚ್ಚು, ಆಯ್ತಾಯ್ತು" ಅಂತ ಬಾಯಿ ಬಿಡುವು ಕೊಡದೆ ಮಾತಾಡುತ್ತಾ ನೀರು ಹಾಕುತ್ತಿದ್ದರು. ಅಕ್ಕ ಬಚ್ಚಲ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದರು. ಅತ್ತೆಯನ್ನು ತಪ್ಪು ಅನ್ನಲಿಲ್ಲ. "ಅಮ್ಮಾ, ಇವಳಿಗೆ ನೀರು ಅಂದ್ರೆ ಎಷ್ಟು ಇಷ್ಟ! ಇದಕ್ಕಿಂತ ಒಳ್ಳೆ ಪಾಠಶಾಲೆ ಬೇಡ" ಅಂದರು. ಆಮೇಲೆ ಎರಡೇ ವಿಷಯ ಹೇಳಿದರು. ಅವಳ ಮುಖಕ್ಕೆ ಮುಖ ಕೊಟ್ಟು ಕೆಳಗೆ ಕೂತುಕೊಳ್ಳಿ. ನೀರು ಹಾಕುವಾಗ "ನೀರು" ಅಂತ ಒಂದೇ ಮಾತು ಹೇಳಿ, ಎರಡು ಸಲ ಹಾಕಿ, ಮೂರನೇ ಸಲ ತಂಬಿಗೆ ಎತ್ತಿ ಹಿಡಿದು ಕಾಯಿರಿ.

ಅತ್ತೆಗೆ ಮಂಡಿ ನೋವು. ಆದರೂ ಮಣೆ ಹಾಕಿಕೊಂಡು ಕೂತರು. ತಂಬಿಗೆ ಎತ್ತಿದರು, ಕಾದರು. ಪುಟ್ಟಿ ಅತ್ತ ಇತ್ತ ನೋಡಿದಳು. ಅತ್ತೆಯ ಕೈ ನಡುಗುತ್ತಿತ್ತು. ಸುರಿದುಬಿಡಲಿ ಅಂತ ನನಗೇ ಅನ್ನಿಸಿತು. ಅಷ್ಟರಲ್ಲಿ ಅವಳು ಅಜ್ಜಿಯ ಮುಖ ನೋಡಿದಳು, ನೇರವಾಗಿ. ಆಮೇಲೆ ತಂಬಿಗೆ ಮುಟ್ಟಿದಳು.

ಅವತ್ತು ಮಾತು ಬರಲಿಲ್ಲ. ಹದಿನೇಳು ದಿನ ಅತ್ತೆ ಹಾಗೇ ಕಾದರು. ಹದಿನೆಂಟನೇ ದಿನ ಬಚ್ಚಲಿನಿಂದ "ನೀ" ಅಂತ ಕೇಳಿಸಿತು. ಕೈಯಲ್ಲಿದ್ದ ಹಿಟ್ಟಿನ ಮುದ್ದೆ ಹಾಗೇ ಬಿಟ್ಟು ಓಡಿದೆ. ಅತ್ತೆ ಅಳುತ್ತಾ ನೀರು ಹಾಕುತ್ತಿದ್ದರು.

ಅಲ್ಲಿಯವರೆಗೂ ನಾವು ಅವಳು ಕೇಳುವ ಮೊದಲೇ ಎಲ್ಲ ಕೊಟ್ಟುಬಿಡುತ್ತಿದ್ದೆವು. ಪ್ರೀತಿಯಿಂದಲೇ ಕೊಡುತ್ತಿದ್ದೆವು. ಅವಳಿಗೆ ಕೇಳುವ ಅವಕಾಶವೇ ಇರಲಿಲ್ಲ ಅಂತ ಹೊಳೆದಿರಲಿಲ್ಲ. ಈಗ ಹತ್ತು ಹನ್ನೆರಡು ಮಾತು ಆಡುತ್ತಾಳೆ. ಬೇಡದಿದ್ದಾಗ ಕೈ ಕಚ್ಚಿಕೊಳ್ಳುವ ಬದಲು ಅಂಗೈ ತೋರಿಸಿ ತಳ್ಳುತ್ತಾಳೆ. ಕುಕ್ಕರ್ ಸೀಟಿಗೆ ಇನ್ನೂ ಕಿವಿ ಮುಚ್ಚಿಕೊಂಡು ಓಡುತ್ತಾಳೆ, ರಾತ್ರಿ ನಿದ್ದೆ ಇನ್ನೂ ಕಡಿಮೆ. ಇರಲಿ. ಅವಳು ನಮ್ಮ ಕಡೆ ಬರುವ ದಾರಿ ಅವಳಿಗೂ ಗೊತ್ತಾಗಿದೆ, ನಮಗೂ ಗೊತ್ತಾಗಿದೆ.

ನಮ್ಮ ಯಜಮಾನರಿಗೂ ಇಲ್ಲೇ ನಮಸ್ಕಾರ ಹೇಳಬೇಕು. ಐದನೇ ತರಗತಿಯಿಂದ ಅಂಗಡಿ ಬಾಗಿಲು ಹಾಕಿ ಬಂದರು. ಶನಿವಾರದ ವ್ಯಾಪಾರ ಬಿಟ್ಟು ಬರುವುದು ಸಣ್ಣ ಮಾತಲ್ಲ. ದೊಡ್ಡ ಮಗನೂ ತಂಗಿಯ ಜೊತೆ ಡಬ್ಬಿ ಉರುಳಿಸುವ ಆಟವನ್ನು ತಾನೇ ಕಟ್ಟಿದ.

ಕೊನೆಯ ತರಗತಿಯಲ್ಲಿ ಮಕ್ಕಳ ಮಾತೇ ಬರಲಿಲ್ಲ. ನಮ್ಮ ಬಗ್ಗೆ ಕೇಳಿದರು. ಒಬ್ಬ ತಾಯಿ ಮೂರು ವರ್ಷದಿಂದ ಗೌರಿ ಹಬ್ಬಕ್ಕೆ ತವರಿಗೆ ಹೋಗಿಲ್ಲ ಅಂದಳು. ಮಗ ಹೊಸ ಮನೆಯಲ್ಲಿ ನಿಲ್ಲುವುದಿಲ್ಲ, ನೆಂಟರು ಆಡಿಕೊಳ್ಳುತ್ತಾರೆ ಅಂತ. ಪಕ್ಕದಲ್ಲಿ ಕೂತಿದ್ದವರು "ಈ ಸಲ ಒಂದು ದಿನ ನಾನು ನೋಡ್ಕೋತೀನಿ, ನೀನು ಹೋಗಿ ಬಾ" ಅಂದರು. ಅವರಿಬ್ಬರ ಪರಿಚಯ ಆಗಿ ಇನ್ನೂ ಎರಡೇ ತಿಂಗಳು. ಇಂಥ ನಂಟು ಸೆಂಟರ್‌ನ ಬೆಂಚಿನ ಮೇಲೆ ಹುಟ್ಟುವುದಿಲ್ಲ.

ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ನನ್ನ ಜೊತೆ ಜಿಲ್ಲಾಸ್ಪತ್ರೆಗೆ ಬಂದ ಸರ್ ಕೂಡ ಇದೇ ಗುಂಪಿನ ಒಬ್ಬ ಅಪ್ಪ. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿದೆ ಅಂತಲೂ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚೂ ಅದರಲ್ಲಿ ಬರುತ್ತದೆ ಅಂತಲೂ ನನಗೆ ಹೇಳಿದ್ದು ಅವರೇ. ಅರ್ಜಿಯನ್ನೂ ಕೂತು ತುಂಬಿಸಿದರು. ಸರ್, ನಿಮ್ಮ ಉಪಕಾರ ದೊಡ್ಡದು.

ಬರುವ ತಿಂಗಳು ಹೊಸ ಗುಂಪು ಶುರು. ಅತ್ತೆಯೂ ಬಂದು ಹೊಸ ಅಜ್ಜಿಯರಿಗೆ ಒಂದು ಸಲ ತೋರಿಸಿಕೊಡಬೇಕು ಅಂತ ಅಕ್ಕ ಕೇಳಿದ್ದಾರೆ. ಅತ್ತೆ ನಿನ್ನೆಯೇ ಆ ತಾಮ್ರದ ತಂಬಿಗೆಯನ್ನು ಹುಣಸೆಹಣ್ಣು ಹಾಕಿ ಬೆಳಗಿ ಗೂಡಿನಲ್ಲಿ ಇಟ್ಟಿದ್ದಾರೆ.