ಮೊದಲ ಸಂಕಲನಕ್ಕೊಂದು ಕಪಾಟು ಇರಲಿ

ಹೊಸ ಕವಿಗಳಿಗೆ ಇಂದು ಮೊದಲ ಸಂಕಲನ ಅಚ್ಚು ಹಾಕಿಸುವುದಕ್ಕಿಂತ ಅದನ್ನು ಓದುಗರಿಗೆ ತಲುಪಿಸುವುದೇ ಕಷ್ಟವಾಗಿದೆ. ಕಳೆದ ವರ್ಷ ನನ್ನ ಮಗಳ ಕವನ ಸಂಕಲನ ಬಂತು. ಪ್ರಕಾಶಕರು ಸಣ್ಣವರು, ಆದರೆ ಪುಸ್ತಕ ಪ್ರೀತಿಯವರು. ಕರಡು ಹಿಡಿದು ಮೂರು ಸಲ ಮನೆಗೇ ಬಂದಿದ್ದರು. ಅಚ್ಚಾಗಿದ್ದು 300 ಪ್ರತಿ. ಬಿಡುಗಡೆಯ ದಿನ ಒಂದಷ್ಟು ಹೋದವು. ಉಳಿದ ಕಟ್ಟುಗಳು, ದಾರ ಕೂಡ ಬಿಚ್ಚದೆ, ನಮ್ಮ ಮಂಚದ ಕೆಳಗಿವೆ. ಅಂಗಡಿಗೆ ಒಯ್ದರೆ ‘ಕವಿತೆ ಹೋಗಲ್ಲ ಸಾರ್’ ಎನ್ನುತ್ತಾರೆ.

ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದು ನಿಜಕ್ಕೂ ದೊಡ್ಡ ಆಸರೆ. ಆದರೆ ಅಚ್ಚಾದ ಮೇಲಿನ ದಾರಿಗೂ ಯಾರಾದರೂ ಜೊತೆಯಾಗಬೇಕಲ್ವಾ? ಆಸ್ತಿ ತೆರಿಗೆಯ ಜೊತೆ ನಾವು ಶೇ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೇವೆ. ಅದರಲ್ಲೊಂದು ಪುಟ್ಟ ಪಾಲು ಹೊಸ ಕವಿತೆಗೆ ಸಿಕ್ಕರೆ ಜಾಸ್ತಿಯೇನಲ್ಲ.

ಪ್ರತಿ ಜಿಲ್ಲಾ ಕೇಂದ್ರ ಗ್ರಂಥಾಲಯವೂ ತನ್ನ ಜಿಲ್ಲೆಯವರ ಮೊದಲ ಸಂಕಲನಗಳನ್ನು ತಲಾ 10 ಪ್ರತಿಯಾದರೂ ಕೊಳ್ಳಲಿ. ಅವನ್ನು ಒಳಕೋಣೆಗೆ ಸೇರಿಸದೆ, ದಿನಪತ್ರಿಕೆ ಓದುವ ಮೇಜಿನ ಪಕ್ಕದ ಕಪಾಟಿನಲ್ಲೇ ಇಡಲಿ.

– ಓದುಗರೊಬ್ಬರು, ಶಿವಮೊಗ್ಗ