ಭಾನುವಾರದ ಹಾರಾಟ: ಎಳೆಯುವ ವಿಮಾನದ ಸದ್ದು

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ಮಾಡೆಲ್ ಗ್ಲೈಡರ್ (ಎಂಜಿನ್ ಇಲ್ಲದ ಪುಟ್ಟ ವಿಮಾನ) ಎಳೆಯುವ ವಿಮಾನ ಮೂರನೇ ಸಲ ಮೇಲೇರುವಾಗ ಅಡಿಕೆ ತೋಟದ ಅಜ್ಜ ಬೇಲಿ ತನಕ ಬಂದು, "ಹಸು ಹಾಲು ಕರೆಯೋಕೆ ಬಿಡ್ತಿಲ್ಲ ಮಾರಾಯ್ರೇ" ಅಂದ್ರು. ಬೈಯಲಿಲ್ಲ, ಅದೇ ಹೆಚ್ಚು ಮುಜುಗರ.

ಸೈಲೆನ್ಸರ್ ಬದಲಿಸಿದ್ದೇ ಸಾಕು ಅಂದುಕೊಂಡಿದ್ವಿ. ಆದ್ರೆ ಕಿರುಚೋದು ಪ್ರೊಪೆಲರ್ ತುದಿ. ಲೆಕ್ಕ ಹಾಕಿ: 20 ಇಂಚು ವ್ಯಾಸದ್ದು ನಿಮಿಷಕ್ಕೆ 7500 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ ಸುಮಾರು 200 ಮೀಟರ್. ಮೂರು ಎಲೆಯ 18 ಇಂಚಿನದು 6500 ಸುತ್ತಿಗೆ ಸುಮಾರು 156. ಈ ಇಳಿಕೆ ಕಿವಿಗೆ ಚೆನ್ನಾಗಿಯೇ ಗೊತ್ತಾಗುತ್ತೆ. ಎಳೆತ ಕುಗ್ಗದಂತೆ ಪಿಚ್ (ಎಲೆಯ ಓರೆ) ಸ್ವಲ್ಪ ಹೆಚ್ಚಿಸಿ, ಎಂಜಿನ್ ಬಿಸಿ ಮಾತ್ರ ನೋಡ್ಕೊಳ್ಳಿ. ಯುರೋಪಿನ ಗ್ಲೈಡಿಂಗ್ ಕ್ಲಬ್ಬುಗಳಲ್ಲೂ ಗ್ಲೈಡರ್ ಎಳೆಯುವ ನಿಜವಾದ ರೋಬಿನ್ ಡಿಆರ್400 ವಿಮಾನಗಳಿಗೆ ನಾಲ್ಕು ಎಲೆಯ ಪ್ರೊಪೆಲರ್ ಹಾಕಿಸ್ತಾರೆ, ಕಾರಣ ಇದೇ.

ಅಂಚು ಚಕ್ಕೆ ಎದ್ದ ಪ್ರೊಪೆಲರ್ ತರಲೇಬೇಡಿ. ಸಿಳ್ಳೆ ಹೊಡೆಯುತ್ತೆ, ಮುರಿದರೆ ಅಪಾಯ ಬೇರೆ.

ಈ ಭಾನುವಾರ ಹಾಲು ಕರೆದಾದ ಮೇಲೆ, ಒಂಬತ್ತಕ್ಕೆ ಶುರು. ಎಳೆಯೋದು ಹಳ್ಳದ ಕಡೆಗೆ, ತೋಟದ ಮೇಲೆ ಬೇಡ. ಹಗ್ಗ ಬಿಟ್ಟ ತಕ್ಷಣ ಥ್ರಾಟಲ್ ಇಳಿಸಿ.