ಪದ್ಮಾಳಿಗೆ, ಹೇಳಿಕೊಳ್ಳಲು ನಾಚುವ ಜಾಗದ ಚರ್ಮದ ಬಗ್ಗೆ

ಕೋಲಾರ

ಚಿ. ಸೌ. ಪದ್ಮಾಳಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರ ಓದಿದೆ. ಯೋನಿಯ ಸುತ್ತ ಚರ್ಮ ಕಪ್ಪು, ಒಳತುಟಿಗಳಲ್ಲಿ ಒಂದು ಉದ್ದ, ಅಂಚಿನಲ್ಲಿ ಸಣ್ಣ ಹಳದಿ ಗುಳ್ಳೆಗಳು ಅಂತ ಹೆದರಿದ್ದೀಯ. ಈ ಮೂರೂ ಕಾಯಿಲೆಯಲ್ಲ. ಅಲ್ಲಿನ ಬಣ್ಣ ಮೈಬಣ್ಣಕ್ಕಿಂತ ಗಾಢವಾಗಿರುವುದೇ ಸಹಜ, ಬಸಿರಲ್ಲಿ ಇನ್ನೂ ಗಾಢವಾಗುತ್ತೆ. ಎರಡು ತುಟಿಯೂ ಒಂದೇ ಅಳತೆ ಇರುವವರು ಕಡಿಮೆ. ನೀನು ಬರೆದಂಥ ಹಳದಿ ಗುಳ್ಳೆಗಳು ಎಣ್ಣೆ ಗ್ರಂಥಿಗಳು, ಹಿಸುಕಬೇಡ. ಬೆಳ್ಳಗಾಗಲೆಂದು ಕ್ರೀಮನ್ನಂತೂ ಹಚ್ಚಲೇಬೇಡ.

ನನ್ನನ್ನು ಚಿಂತೆಗೆ ಹಚ್ಚಿದ್ದು ನಿಮ್ಮತ್ತೆಯ ವಿಷಯ. ರಾತ್ರಿ ನಿದ್ದೆಗೆಡಿಸುವ ನವೆ. ಮೆಡಿಕಲ್ ಶಾಪಿನ ಟ್ಯೂಬು ಹಚ್ಚಿದರೆ ನಾಲ್ಕು ದಿನ ಆರಾಮ, ಮತ್ತೆ ಶುರು. ಮುಟ್ಟು ನಿಂತ ಮೇಲೆ ಚರ್ಮ ತೆಳುವಾಗಿ ಒಣಗುವುದುಂಟು, ಆದರೆ ಬಿಡದೆ ಕಾಡುವ ನವೆಯನ್ನು ವಯಸ್ಸಿನ ಲೆಕ್ಕಕ್ಕೆ ಹಾಕಬಾರದು. ಲೈಕನ್ ಸ್ಕ್ಲೆರೋಸಸ್ ಅನ್ನೋ ಕಾಯಿಲೆಯನ್ನು ಎಷ್ಟೋ ಹೆಂಗಸರು ಫಂಗಸ್ ಅಂದುಕೊಂಡೇ ವರ್ಷಗಟ್ಟಲೆ ತಳ್ಳುತ್ತಾರೆ. ಅದರಲ್ಲಿ ಚರ್ಮ ಬೆಳ್ಳಗಾಗಿ, ಕಾದ ಹಾಲಿನ ಕೆನೆಯ ಹಾಗೆ ತೆಳ್ಳಗೆ ಸುಕ್ಕುಗಟ್ಟುತ್ತೆ. ಗುದದ ಸುತ್ತಲೂ ಹಬ್ಬಬಹುದು. ಕೆರೆದ ಕಡೆ ಸೀಳು, ರಕ್ತದ ಕಲೆ. ಬರಬರುತ್ತಾ ಒಳತುಟಿಗಳು ಅಂಟಿಕೊಂಡು ಕಾಣದಂತಾಗುತ್ತವೆ. ತೊನ್ನಾದರೆ ಬಣ್ಣ ಮಾತ್ರ ಹೋಗುತ್ತೆ, ಚರ್ಮದ ಮೃದು ಹಾಗೇ ಇರುತ್ತೆ. ಫಂಗಸ್ಸಾದರೆ ಸಾಮಾನ್ಯವಾಗಿ ಕೆಂಪು, ಉರಿ, ಗಟ್ಟಿಯಾದ ಬಿಳಿಸೆರಗು. ಪದೇ ಪದೇ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸಬೇಕು.

ಅಂಗಡಿಯ ಅಂಥ ಟ್ಯೂಬುಗಳಲ್ಲಿ ಹಲವದರಲ್ಲಿ ಸ್ಟಿರಾಯ್ಡು, ಫಂಗಸ್ ಔಷಧಿ, ಆಂಟಿಬಯೋಟಿಕ್ ಒಟ್ಟಿಗೆ ಕಲೆಸಿರುತ್ತಾರೆ. ನವೆ ಅಡಗುತ್ತೆ, ರೋಗ ಅಡಗುವುದಿಲ್ಲ; ಫಂಗಸ್ ಇದ್ದರೆ ಇನ್ನಷ್ಟು ಹರಡಬಹುದು. ಹಾಗಂತ ಸ್ಟಿರಾಯ್ಡೇ ಶತ್ರುವಲ್ಲ. ಲೈಕನ್ ಅಂತ ಡಾಕ್ಟರು ಖಚಿತಪಡಿಸಿದ ಮೇಲೆ ಸಾಮಾನ್ಯವಾಗಿ ಬರೆಯುವುದು ಕ್ಲೋಬೆಟಸಾಲ್ 0.05% ಅನ್ನೋ ಸ್ಟಿರಾಯ್ಡ್ ಆಯಿಂಟ್‌ಮೆಂಟ್: ಮೊದಲ ತಿಂಗಳು ದಿನಾ ರಾತ್ರಿ, ಎರಡನೇ ತಿಂಗಳು ದಿನ ಬಿಟ್ಟು ದಿನ, ಮೂರನೇ ತಿಂಗಳು ವಾರಕ್ಕೆ 2 ಸಲ. ಒಂದು ಸಲಕ್ಕೆ ತೋರುಬೆರಳ ತುದಿಯಿಂದ ಮೊದಲ ಗೆರೆವರೆಗೆ, ಅಂದರೆ ಸುಮಾರು ಅರ್ಧ ಗ್ರಾಂ. 30 ಗ್ರಾಮಿನ ಟ್ಯೂಬು 3 ತಿಂಗಳು ಬರಬೇಕು. ಬೇಗ ಖಾಲಿಯಾದರೆ ಜಾಸ್ತಿ ಹಚ್ಚಿದ್ದಾರೆ ಅಂತ. ಹೆದರಿ ನಡುವೆ ಬಿಟ್ಟರೆ ರೋಗ ಒಳಗೇ ಮುಂದುವರಿಯುತ್ತೆ. ಅಂಟಿಹೋದ ತುಟಿ ಔಷಧಿಯಿಂದ ಮರಳಿ ಬರುವುದಿಲ್ಲ, ಅದಕ್ಕೇ ಇಷ್ಟು ಅವಸರಪಡಿಸುತ್ತಿದ್ದೇನೆ. ಈ ಕಾಯಿಲೆ ಇರುವವರಲ್ಲಿ 100ಕ್ಕೆ 5ರೊಳಗಿನವರಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಬರಬಹುದು. ಔಷಧಿ ತಪ್ಪದೆ ಹಚ್ಚಿದವರಲ್ಲಿ ಆ ಭಯ ಕಡಿಮೆ.

ಡೆಟಾಲ್, ಸೋಪು, ವಾಸನೆಯ ಪೌಡರು ಇವತ್ತೇ ನಿಲ್ಲಿಸಿಬಿಡಲಿ. ಬರೀ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ತೆಳ್ಳಗೆ ವ್ಯಾಸಲೀನ್ ಹಚ್ಚಿದರೆ ಸಾಕು.

ಒಣಗದ ಹುಣ್ಣು, ಗಟ್ಟಿ ಗಂಟು, ಉಬ್ಬಿದ ಬಿಳಿ ಅಥವಾ ಕೆಂಪು ಕಲೆ, ಹೊಸದಾಗಿ ಬಂದು ಬೆಳೆಯುತ್ತಿರುವ ಕಪ್ಪು ಮಚ್ಚೆ, ಮುಟ್ಟು ನಿಂತ ಮೇಲೆ ರಕ್ತ: ಇವುಗಳಲ್ಲಿ ಒಂದಿದ್ದರೂ ಅದೇ ವಾರ ತೋರಿಸಬೇಕು. ಅನುಮಾನ ಬಂದರೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು 3-4 ಮಿಲಿಮೀಟರ್ ಚರ್ಮ ತೆಗೆದು ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಕಳಿಸುತ್ತಾರೆ. ಕ್ಯಾನ್ಸರ್ ಅಂತ ತೀರ್ಮಾನಿಸಿ ಮಾಡುವುದಲ್ಲ ಅದು.

ನೀನೂ ತಿಂಗಳಿಗೊಮ್ಮೆ ಬೆಳಕಲ್ಲಿ ಕುಳಿತು ಕೈಗನ್ನಡಿ ಹಿಡಿದು ನೋಡಿಕೋ. ನಿನಗೆ ಸಹಜ ಯಾವುದು ಅಂತ ಗೊತ್ತಿದ್ದರೆ ತಾನೇ ಬದಲಾವಣೆ ಕಣ್ಣಿಗೆ ಬೀಳೋದು.

ಲೈಕನ್ ಆಗಿದ್ದರೂ ಅದು ಯಾರಿಂದಲೋ ಅಂಟಿದ್ದಲ್ಲ, ಶುಚಿ ಸಾಲದೆ ಬಂದದ್ದೂ ಅಲ್ಲ ಅಂತ ನಿಮ್ಮತ್ತೆಗೆ ಮೊದಲೇ ಹೇಳು. ನಾಚಿಕೆ ಅರ್ಧ ಇಳಿಯುತ್ತೆ. ಶ್ರೀನಿವಾಸಪುರದಲ್ಲಿ ಮಾವಿನ ಕೊಯ್ಲು ಮುಗಿಯಲಿ ಅಂತ ಮುಂದೂಡಬೇಡಿ. ಈ ವಾರವೇ ಬೆಳಗಿನ ಬಸ್ಸಿಗೆ ಕರೆದುಕೊಂಡು ಬಾ, ಎಸ್‌ಎನ್‌ಆರ್ ಆಸ್ಪತ್ರೆಗೆ ನಾನೂ ಬರುತ್ತೇನೆ. ಹಚ್ಚುತ್ತಿರುವ ಟ್ಯೂಬುಗಳನ್ನೆಲ್ಲ, ಖಾಲಿಯಾದದ್ದೂ ಸೇರಿಸಿ, ಚೀಲಕ್ಕೆ ಹಾಕಿಕೋ.

ನಿನ್ನ ದೊಡ್ಡಮ್ಮ